ಮೂಗಿಗೆ ತುಪ್ಪ ಅಂದ್ರೆ ಯಾಕೆ ನಗ್ಬೇಕು?

ಕ್ಯಾಂಟೀನ್ ಮಾತು, ಭಾಗ 6 👃

ಮೊದಲು ಒಂದು ತಪ್ಪೊಪ್ಪಿಗೆ. ಹೋದ ಸೆಮಿಸ್ಟರ್‌ನಲ್ಲಿ ಕ್ಲಾಸಲ್ಲಿ ಗ್ರೂಪ್ ಡಿಸ್ಕಷನ್ ನಡೀತಿತ್ತು. ವಿಷಯ, ಆನ್‌ಲೈನ್ ಡಿಸ್ಕೌಂಟ್. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂನಲ್ಲಿ ಓದಿದ ಗೆಳತಿಯೊಬ್ಬಳು "ದೇ ಆರ್ ಪುಟಿಂಗ್ ಘೀ ಆನ್ ಅವರ್ ನೋಸ್" ಅಂದ್ಲು. ಇಡೀ ಕ್ಲಾಸ್ ನಕ್ತು. ಎಲ್ರಿಗಿಂತ ಜೋರಾಗಿ ನಕ್ಕಿದ್ದು ನಾನೇ. ಅವಳು ಕೂತ್ಕೊಂಡ್ಲು. ಸೆಮಿಸ್ಟರ್ ಮುಗಿಯೋವರೆಗೂ ಕ್ಲಾಸಲ್ಲಿ ಮತ್ತೆ ಬಾಯಿ ಬಿಡ್ಲಿಲ್ಲ.

ಮುಂದಿನ ವಾರ ಪ್ಲೇಸ್‌ಮೆಂಟ್ ಟ್ರೈನಿಂಗಲ್ಲಿ ಇಡಿಯಮ್ಸ್ ಪಟ್ಟಿ ಕೊಟ್ರು. ಅದರಲ್ಲಿ "ಪೇ ಥ್ರೂ ದ ನೋಸ್" ಇತ್ತು. ಮೂಗಿನ ಮೂಲಕ ದುಡ್ಡು ಕೊಡೋದು! ಯಾರೂ ನಗಲಿಲ್ಲ. ಎಲ್ರೂ ತಲೆ ಬಗ್ಗಿಸಿ "ವಿಪರೀತ ಬೆಲೆ ತೆರುವುದು" ಅಂತ ಬರ್ಕೊಂಡ್ವಿ.

ಈಗ ನೀವೇ ಹೇಳಿ, ಎರಡರಲ್ಲಿ ಯಾವುದಕ್ಕೆ ಅರ್ಥ ಜಾಸ್ತಿ ಇದೆ? ಮೂಗಿಗೆ ತುಪ್ಪ ಸವರಿದ್ರೆ ಘಮ ಬರುತ್ತೆ, ನಾಲಿಗೆಗೆ ಏನೂ ಸಿಗಲ್ಲ. "80% ವರೆಗೆ ರಿಯಾಯಿತಿ" ಅನ್ನೋ ಜಾಹೀರಾತು ಮಾಡೋದೂ ಅದನ್ನೇ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ ಇತ್ತು.

ಇನ್ನು "ಪೇ ಥ್ರೂ ದ ನೋಸ್" ಬಗ್ಗೆ ಒಂದು ಕಥೆ ಓಡಾಡ್ತಿದೆ, ನೀವೂ ನೋಡಿರ್ತೀರಾ. 9ನೇ ಶತಮಾನದಲ್ಲಿ ಐರ್ಲೆಂಡಲ್ಲಿ ತೆರಿಗೆ ಕಟ್ಟದವರ ಮೂಗನ್ನ ವೈಕಿಂಗರು ಸೀಳ್ತಿದ್ರಂತೆ, ಅದರಿಂದ ಈ ಮಾತು ಬಂತಂತೆ. ಆದ್ರೆ ಈ ಮಾತು ಬರವಣಿಗೆಯಲ್ಲಿ ಕಾಣಿಸೋದೇ 17ನೇ ಶತಮಾನದಲ್ಲಿ. ನಡುವೆ ಸುಮಾರು 800 ವರ್ಷ ಖಾಲಿ! ಅಂದ್ರೆ ಆ ಕಥೆಗೆ ಆಧಾರ ಇಲ್ಲ. ಆದ್ರೂ ಆ ಮಾತಿಗೆ ನಾವು ಮರ್ಯಾದೆ ಕೊಡ್ತೀವಿ, ನಮ್ಮ ತುಪ್ಪಕ್ಕೆ ನಗ್ತೀವಿ.

"ಹಾಗಂತ ಇಂಟರ್ವ್ಯೂನಲ್ಲಿ ತುಪ್ಪ ಅನ್ನೋಕಾಗುತ್ತಾ?" ಅಂತೀರಾ. ಆಗಲ್ಲ, ಒಪ್ತೀನಿ. ಎದುರಿಗಿರೋರಿಗೆ ಅರ್ಥ ಆಗ್ಬೇಕಲ್ಲ. ಇಂಗ್ಲಿಷ್ ಮಾತುಗಳನ್ನ ಕಲೀಲೇಬೇಕು. ಆದ್ರೆ ಪಟ್ಟಿ ಉರು ಹೊಡೆಯೋ ಬದಲು ನಮ್ಮ ಮೂಗಿನ ಪಕ್ಕ ಇಟ್ಟು ನೋಡಿ, ಬೇಗ ತಲೆಗೆ ಹತ್ತುತ್ತೆ.

ಕೆಲವು ಹಾಗೇ ಹೊಂದುತ್ತೆ. "ಪೋಕ್ ಯುವರ್ ನೋಸ್" ಅಂದ್ರೆ ಮೂಗು ತೂರಿಸೋದು. "ಟರ್ನ್ ಅಪ್ ಯುವರ್ ನೋಸ್" ಅಂದ್ರೆ ಮೂಗು ಮುರಿಯೋದು. "ಲೆಡ್ ಬೈ ದ ನೋಸ್" ಅಂದ್ರೆ ನಮ್ಮ ಎತ್ತಿನ ಮೂಗುದಾರವೇ ಕಣ್ಮುಂದೆ ಬರುತ್ತೆ.

ಕೆಲವು ಮೋಸ ಮಾಡುತ್ತೆ, ಹುಷಾರು. "ಫಾಲೋ ಯುವರ್ ನೋಸ್" ಅಂದ್ರೆ ನೇರ ಹೋಗು, ಇಲ್ಲಾ ನಿನ್ನ ಮನಸ್ಸು ಹೇಳಿದ ದಾರಿ ಹಿಡಿ. ನಮ್ಮಲ್ಲಿ "ತನ್ನ ಮೂಗಿನ ನೇರಕ್ಕೆ ಮಾತಾಡ್ತಾನೆ" ಅಂದ್ರೆ ಬೈಗುಳ! ಹಾಗೇ, ನೆಗಡಿ ಬಂತು ಅಂತ ಮೂಗು ಕುಯ್ಕೊಳ್ಳೋನು ಸಣ್ಣ ತೊಂದರೆಗೆ ಅತಿರೇಕ ಮಾಡೋನು. ಇಂಗ್ಲಿಷಲ್ಲಿ ಮೂಗು ಕುಯ್ಕೊಳ್ಳೋನು ಇನ್ನೊಬ್ಬರ ಮೇಲಿನ ಸಿಟ್ಟಿಗೆ ತನಗೇ ನಷ್ಟ ಮಾಡ್ಕೊಳ್ಳೋನು. ಮೂಗು ಒಂದೇ, ಕಾರಣ ಬೇರೆ.

ಇನ್ನು "ನೋಸ್ ಟು ದ ಗ್ರೈಂಡ್‌ಸ್ಟೋನ್". ನಾನು ರುಬ್ಬೋ ಕಲ್ಲು ಅನ್ಕೊಂಡಿದ್ದೆ, ಅದು ಚಾಕು ಮಸೆಯೋ ಸಾಣೆಕಲ್ಲು. 16ನೇ ಶತಮಾನದಲ್ಲಿ ಇದರರ್ಥ ಇನ್ನೊಬ್ಬರ ಮೂಗನ್ನ ಕಲ್ಲಿಗೆ ಒತ್ತಿ ಹಿಡಿಯೋದು, ಅಂದ್ರೆ ಹಿಂಸೆ ಕೊಡೋದು. ಇವತ್ತು ಅದೇ ಮಾತು "ಕಷ್ಟಪಟ್ಟು ದುಡಿ" ಅನ್ನೋ ಬುದ್ಧಿಮಾತಾಗಿದೆ. ಇಂಗ್ಲಿಷರೇ ತಮ್ಮ ಮಾತಿನ ಅರ್ಥ ಬದಲಾಯಿಸ್ಕೊಂಡಿದ್ದಾರೆ. ಅಂದ್ಮೇಲೆ ನಾವು ತಪ್ಪಿದ್ರೆ ಅಷ್ಟೊಂದು ಅವಮಾನ ಯಾಕೆ?

ನಾನು ಹೇಳೋದಿಷ್ಟೇ. ಇಡಿಯಮ್ ಗೊತ್ತಿಲ್ಲದೇ ಇರೋದು ದಡ್ಡತನ ಅಲ್ಲ. ಅದು ಇನ್ನೂ ಕೇಳದ ಮಾತು, ಅಷ್ಟೇ. ಟೆಸ್ಟಲ್ಲಿ ಒಂದು ಮಾರ್ಕ್ ಹೋದ್ರೆ ಮುಂದಿನ ಸಲ ಬರುತ್ತೆ. ನಗು ಕೇಳಿ ಮುಚ್ಚಿದ ಬಾಯಿ ಅಷ್ಟು ಸುಲಭಕ್ಕೆ ತೆರೆಯಲ್ಲ.

ಮೊನ್ನೆ ಅವಳ ಹತ್ರ ಸಾರಿ ಕೇಳ್ದೆ. "ಪರ್ವಾಗಿಲ್ಲ ಬಿಡೇ" ಅಂದ್ಲು. ಆದ್ರೆ ಮುಂದಿನ ಡಿಸ್ಕಷನ್‌ಗೆ ಅವಳಿನ್ನೂ ಹೆಸರು ಕೊಟ್ಟಿಲ್ಲ.

ನಿಮ್ಮ ಕ್ಲಾಸಲ್ಲೂ ಹೀಗೆ ಸುಮ್ಮನಾದವರು ಇದ್ರೆ ಇವತ್ತೇ ಮಾತಾಡಿಸಿ. ನಿಮ್ಮ ಊರ ಮೂಗಿನ ಮಾತು ಯಾವುದು? ಕಾಮೆಂಟಲ್ಲಿ ಹಾಕಿ. ಇಲ್ಲಿ ಯಾರೂ ನಗಲ್ಲ, ನಾನಂತೂ ನಗಲ್ಲ. 🙏

#ಕ್ಯಾಂಟೀನ್‌ಮಾತು #ಮೂಗಿಗೆತುಪ್ಪ #ಕನ್ನಡಮೀಡಿಯಂ