‘ಈಗ’, ‘ನಂತರ’ ಸರಿ, ‘ಬೇಡ’ ಎಲ್ಲಿ?

ಫೋನಿನ ಪರದೆಗೆ ಹೊಸ ಗಾಜು ಅಂಟಿಸಿಕೊಳ್ಳಲು ಹೋದಾಗ ನಮ್ಮ ಬಡಾವಣೆಯ ಮೊಬೈಲ್ ಅಂಗಡಿಯ ಹುಡುಗ, ನಾನು ಕೇಳದಿದ್ದರೂ, ಒಂದು ಬುದ್ಧಿಮಾತು ಹೇಳಿದ: ‘ಅಪ್‌ಡೇಟ್ ಬಂದ್ರೆ ಹಾಕ್ಬೇಡಿ ಸಾರ್. ಚೆನ್ನಾಗಿ ಓಡ್ತಿದೆ, ಸುಮ್ನೆ ಯಾಕೆ?’ ಸೈಬರ್ ಭದ್ರತೆಯ ಗಂಧ ಇರುವ ಯಾರಿಗಾದರೂ ಎದೆ ಧಸಕ್ಕೆನ್ನುವ ಮಾತು. ಆದರೆ ಕೌಂಟರಿನ ಆ ಬದಿಯಿಂದ ನೋಡಿ. ಅಪ್‌ಡೇಟ್ ಹಾಕಿದ ಮೇಲೆ ಚಾರ್ಜ್ ನಿಲ್ಲುತ್ತಿಲ್ಲ, ಪರದೆಯ ಮೇಲೆ ಹಸಿರು ಗೆರೆ ಮೂಡಿದೆ, ಬ್ಯಾಂಕಿನ ಆಪ್ ತೆರೆಯುತ್ತಿಲ್ಲ ಎಂದು ಬರುವವರನ್ನು ಅವನು ದಿನವೂ ನೋಡುತ್ತಾನೆ. ಅಪ್‌ಡೇಟ್ ಹಾಕಿದ್ದರಿಂದ ನನ್ನ ಖಾತೆಯ ಹಣ ಉಳಿಯಿತು ಎಂದು ಹೇಳಲು ಯಾರೂ ಅಂಗಡಿಗೆ ಬರುವುದಿಲ್ಲ. ತಪ್ಪಿದ ಕಳ್ಳತನ ಯಾರ ಕಣ್ಣಿಗೂ ಬೀಳುವುದಿಲ್ಲ.

ಅವನ ಸಲಹೆ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನನಗೆ ಕುತೂಹಲ ಇರುವುದು, ಇಂಥ ತಪ್ಪು ಸಲಹೆ ಅನುಭವಸ್ಥರ ಮಾತಿನಂತೆ ಕೇಳಿಸುವ ಸ್ಥಿತಿಗೆ ನಮ್ಮನ್ನು ತಂದು ನಿಲ್ಲಿಸಿದವರು ಯಾರು ಎಂಬ ಬಗ್ಗೆ.

ತಪ್ಪು ಎಷ್ಟು ದುಬಾರಿ ಎಂಬುದಕ್ಕೆ 2017ರ ಮೇ 12 ಸಾಕ್ಷಿ. ಅಂದು ‘ವನ್ನಾಕ್ರೈ’ ಎಂಬ ಸುಲಿಗೆ ತಂತ್ರಾಂಶ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿ, ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು ಬಿಟ್‌ಕಾಯಿನ್ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯೊಂದರಲ್ಲೇ ಸುಮಾರು 19 ಸಾವಿರ ರೋಗಿಗಳ ಭೇಟಿಗಳು ರದ್ದಾದವು. ವನ್ನಾಕ್ರೈ ನುಗ್ಗಿದ ವಿಂಡೋಸ್‌ನ ಬಿರುಕಿಗೆ ಹಾಕಬೇಕಾದ ತೇಪೆಯನ್ನು ಮೈಕ್ರೊಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳ ಕಾಲ ಅದು ಪುಕ್ಕಟೆಯಾಗಿ ಸಿಗುತ್ತಿತ್ತು. ಹಾಕಿಕೊಂಡವರು ಉಳಿದರು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು.

ಕಥೆ ಇಲ್ಲಿಗೇ ನಿಂತರೆ ನೀತಿ ಸುಲಭ: ಬಳಕೆದಾರ ಸೋಮಾರಿ, ಕಂಪನಿ ಜವಾಬ್ದಾರ. ಆದರೆ ಸುಮಾರು ಎರಡು ವರ್ಷ ಹಿಂದಕ್ಕೆ ಹೋಗಬೇಕು. 2015ರ ಜುಲೈನಲ್ಲಿ ವಿಂಡೋಸ್ 10 ಬಂದಾಗ, ವಿಂಡೋಸ್ 7 ಮತ್ತು 8.1 ಇದ್ದವರಿಗೆ ಅದು ಒಂದು ವರ್ಷ ಉಚಿತವಾಗಿತ್ತು. ಉಚಿತ ಕೊಡುವವರು ಕೊಟ್ಟು ಸುಮ್ಮನಿರಬೇಕಿತ್ತು. ‘ಹಾಕಿಕೊಳ್ಳಿ’ ಎಂಬ ಕಿಟಕಿ ದಿನವೂ ಪರದೆಯ ಮೇಲೆ ಏಳತೊಡಗಿತು. 2016ರ ಮೇ ಹೊತ್ತಿಗೆ ಪರಿಸ್ಥಿತಿ ಎಲ್ಲಿಗೆ ಬಂತೆಂದರೆ, ಆ ಕಿಟಕಿಯ ಮೂಲೆಯ ಕೆಂಪು ಗುಣಾಕಾರ ಚಿಹ್ನೆಯನ್ನು ಒತ್ತಿ ಮುಚ್ಚಿದರೂ, ನಿಗದಿಯಾದ ಅಪ್‌ಗ್ರೇಡ್ ರದ್ದಾಗುತ್ತಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ‘ಬೇಡ’ ಎಂಬ ಅರ್ಥ ಹೊತ್ತಿದ್ದ ಗುರುತು ರಾತ್ರೋರಾತ್ರಿ ‘ಆಗಲಿ’ ಎಂದಾಯಿತು. ತಾನು ಒಪ್ಪದ ಅಪ್‌ಗ್ರೇಡ್‌ನಿಂದ ಕಚೇರಿಯ ಕಂಪ್ಯೂಟರ್ ಹಾಳಾಯಿತೆಂದು ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರು ದಾವೆ ಹೂಡಿ 10 ಸಾವಿರ ಡಾಲರ್ ಪರಿಹಾರ ಪಡೆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೈಕ್ರೊಸಾಫ್ಟ್ ಇನ್ನೊಂದು ಬದಲಾವಣೆ ಮಾಡಿತು. ಅಲ್ಲಿಯವರೆಗೆ ವಿಂಡೋಸ್ 7ರ ಬಳಕೆದಾರರು ತೇಪೆಗಳನ್ನು ಬಿಡಿಬಿಡಿಯಾಗಿ ನೋಡಿ, ಇದು ಇರಲಿ ಅದು ಬೇಡ ಎಂದು ಆರಿಸಬಹುದಿತ್ತು. ಆಮೇಲೆ ಎಲ್ಲವೂ ಒಂದೇ ಕಟ್ಟು.

ಕೆಂಪು ಗುರುತಿನ ಪ್ರಕರಣಕ್ಕೂ ವನ್ನಾಕ್ರೈ ಹಾವಳಿಗೂ ನೇರ ಗಂಟು ಹಾಕುವುದು ನ್ಯಾಯವಲ್ಲ. ಆಸ್ಪತ್ರೆಗಳು ತೇಪೆ ಹಾಕದಿರಲು ಅವುಗಳದೇ ಕಾರಣಗಳಿದ್ದವು. ಆದರೆ 2016ರಲ್ಲಿ ಬೇಸತ್ತ ಎಷ್ಟೋ ಜನ ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸಿಬಿಟ್ಟರು. ಬೀಗ ರಿಪೇರಿಗೆ ಬಂದವನು ನಡುಮನೆಯಲ್ಲಿ ಮಂಚ ಹಾಕಿಕೊಂಡು ಕೂತರೆ, ಮುಂದಿನ ಸಲ ಬೀಗ ಕೆಟ್ಟಾಗ ಅವನನ್ನು ಯಾರು ಕರೆಯುತ್ತಾರೆ?

ಸಮಸ್ಯೆಯ ಬೇರು ಇರುವುದು ಈ ಕಟ್ಟಿನಲ್ಲಿ. ನಮಗೆ ಅತ್ಯಗತ್ಯವಾದ ಭದ್ರತೆಯ ತೇಪೆ, ಕಂಪನಿಗೆ ಬೇಕಾದ ಹೊಸ ಸೌಲಭ್ಯ, ಬದಲಾದ ಷರತ್ತು, ಕೇಳದೆಯೇ ಬಂದು ಕೂರುವ ಆಪ್, ಈಚೆಗೆ ಕೃತಕ ಬುದ್ಧಿಮತ್ತೆಯ ಗುಂಡಿ, ಎಲ್ಲವೂ ಒಂದೇ ಪೊಟ್ಟಣದಲ್ಲಿ ಬರುತ್ತವೆ. ಔಷಧಿ ಬೇಕಿದ್ದರೆ ಉಳಿದದ್ದನ್ನೂ ನುಂಗಬೇಕು. ಪರದೆ ಕೇಳುವುದು ‘ಈಗಲೋ, ನಂತರವೋ’ ಎಂದಷ್ಟೇ.

ಆಪಲ್‌ನ ಬ್ಯಾಟರಿ ಪ್ರಕರಣ ಇದರ ಇನ್ನೊಂದು ಮುಖ. 2017ರ ಜನವರಿಯಲ್ಲಿ ಬಂದ ಐಒಎಸ್ 10.2.1 ಅಪ್‌ಡೇಟ್, ಬ್ಯಾಟರಿ ಸವೆದ ಐಫೋನುಗಳ ವೇಗವನ್ನು ತಗ್ಗಿಸುತ್ತಿತ್ತು. ತಾಂತ್ರಿಕವಾಗಿ ಅದಕ್ಕೆ ಒಳ್ಳೆಯ ಕಾರಣವೇ ಇತ್ತು: ಹಳೆಯ ಬ್ಯಾಟರಿಗೆ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಲಾಗದೆ ಫೋನು ದಿಢೀರನೆ ಆಫ್ ಆಗುವುದನ್ನು ತಡೆಯುವುದು. ಆದರೆ ಅದನ್ನು ಗ್ರಾಹಕರಿಗೆ ಸರಿಯಾಗಿ ಹೇಳಲಿಲ್ಲ. ಕಂಪನಿ ಬಾಯಿಬಿಟ್ಟಿದ್ದು ಡಿಸೆಂಬರ್‌ನಲ್ಲಿ, ಅದೂ ಬಳಕೆದಾರರು ಅಳೆದು ನೋಡಿ ಗದ್ದಲ ಎಬ್ಬಿಸಿದ ಮೇಲೆ. ಅಷ್ಟರಲ್ಲಿ ಬ್ಯಾಟರಿ ಬದಲಿಸಿದ್ದರೆ ಸಾಕಾಗುತ್ತಿದ್ದವರು ಎಷ್ಟು ಮಂದಿ ಹೊಸ ಫೋನು ಕೊಂಡರೋ! ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿ, ಫ್ರಾನ್ಸ್‌ನಲ್ಲಿ 2.5 ಕೋಟಿ ಯೂರೊ ದಂಡ, ಎರಡೂ 2020ರಲ್ಲಿ ಆದವು. ‘ಹೊಸ ಫೋನು ಕೊಳ್ಳಲಿ ಅಂತಾನೇ ಸ್ಲೋ ಮಾಡ್ತಾರೆ’ ಎಂಬ ಬಸ್‌ಸ್ಟ್ಯಾಂಡ್ ಮಾತಿಗೆ ಅಂದಿನಿಂದ ಒಂದು ದಾಖಲೆಯ ಬಲ ಬಂತು. ಆ ಮಾತು ಪೂರ್ತಿ ನಿಜವಲ್ಲದಿದ್ದರೂ.

ನಮ್ಮಲ್ಲೂ ಇಂಥ ದೂರು ಸರ್ಕಾರದ ಮಟ್ಟಕ್ಕೆ ಏರಿದ್ದುಂಟು. ಐಒಎಸ್ 18ರ ಅಪ್‌ಡೇಟ್ ನಂತರ ಫೋನು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ದೂರುಗಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ಮೇಲೆ, ಆಪಲ್‌ಗೆ ನೋಟಿಸ್ ಕೊಟ್ಟಿರುವುದಾಗಿ 2025ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ತಿಳಿಸಿದರು. ನೋಟಿಸ್ ಒಳ್ಳೆಯದೇ. ಆದರೆ ಹಿಂದಿನ ಆವೃತ್ತಿಗೆ ಮರಳುವ ಬಾಗಿಲನ್ನು ಆ ಕಂಪನಿ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮುಚ್ಚಿಬಿಡುತ್ತದೆ. ಫ್ಯಾನು ಕೊಂಡು ತಂದರೆ ಗ್ಯಾರಂಟಿ ಕಾರ್ಡು ಇರುತ್ತದೆ. ರಾತ್ರಿ ಮಲಗಿದ್ದಾಗ ಫೋನಿಗೆ ಇಳಿದ ಎರಡು ಜಿಬಿ ತಂತ್ರಾಂಶಕ್ಕೆ ವಾಪಸಿ ಇಲ್ಲ, ರಸೀದಿಯೂ ಇಲ್ಲ.

ಕಟ್ಟು ಬಿಚ್ಚುವುದು ತಾಂತ್ರಿಕವಾಗಿ ಅಸಾಧ್ಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2021ರಲ್ಲಿ ಐಒಎಸ್ 15 ಬಂದಾಗ, ಹಳೆಯ 14ರಲ್ಲೇ ಉಳಿದು ಭದ್ರತಾ ತೇಪೆ ಮಾತ್ರ ಪಡೆಯುವ ಆಯ್ಕೆಯನ್ನು ಆಪಲ್ ಕೊಟ್ಟಿತ್ತು. ನಾಲ್ಕೇ ತಿಂಗಳಲ್ಲಿ, ಅದು ತಾತ್ಕಾಲಿಕವಾಗಿತ್ತು ಎಂದು ಹಿಂತೆಗೆದುಕೊಂಡಿತು. ಆಂಡ್ರಾಯ್ಡ್ 10ರಿಂದ ಈಚೆಗೆ ವ್ಯವಸ್ಥೆಯ ಕೆಲವು ಭಾಗಗಳನ್ನು ಪ್ಲೇ ಸ್ಟೋರ್ ಮೂಲಕವೇ ಪ್ರತ್ಯೇಕವಾಗಿ ಸರಿಪಡಿಸುವ ಏರ್ಪಾಡು ಇದೆ. ದೊಡ್ಡ ಗಿರಾಕಿಗಳು ಕೇಳಿದರೆ ಆಯ್ಕೆ ತಾನಾಗಿ ಹುಟ್ಟುತ್ತದೆ. 2024ರ ಜುಲೈ 19ರ ಶುಕ್ರವಾರ ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್ ಹೊರಬಿದ್ದು 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದರೂ, ಮೈಕ್ರೊಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ಬೆಂಗಳೂರು ಸೇರಿ ಹಲವು ವಿಮಾನ ನಿಲ್ದಾಣಗಳಲ್ಲಿ ಸಾಲು ಬೆಳೆಯಿತು, ದೇಶದ ಕೆಲವೆಡೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಆ ಬಳಿಕ ಕ್ರೌಡ್‌ಸ್ಟ್ರೈಕ್, ಇಂಥ ಅಪ್‌ಡೇಟುಗಳನ್ನು ಹಂತಹಂತವಾಗಿ ಬಿಡುವುದಾಗಿಯೂ ಯಾವಾಗ ಎಲ್ಲಿ ಹಾಕಬೇಕೆಂಬ ಹಿಡಿತವನ್ನು ಗ್ರಾಹಕರಿಗೆ ಕೊಡುವುದಾಗಿಯೂ ಹೇಳಿತು. ವಿಮಾನಯಾನ ಕಂಪನಿಗೆ ಸಿಕ್ಕ ಈ ಹಿಡಿತ ಹನ್ನೆರಡು ಸಾವಿರ ರೂಪಾಯಿಯ ಫೋನು ಹಿಡಿದವನಿಗೆ ಯಾಕೆ ಬೇಡ?

ಖಾಸಗಿತನದ ಪ್ರಶ್ನೆ ಈ ಪೊಟ್ಟಣದೊಳಗೇ ಅಡಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಇಂಟೆಲ್ ಆದರೆ ಸ್ಥೂಲವಾಗಿ ಎಂಟನೇ ಇಲ್ಲವೇ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. ಮಕ್ಕಳ ಪಾಠಕ್ಕೆಂದೋ ಅಂಗಡಿಯ ಲೆಕ್ಕಕ್ಕೆಂದೋ ಕೊಂಡು, ಇನ್ನೂ ಗಟ್ಟಿಯಾಗಿರುವ ಎಷ್ಟೋ ಲ್ಯಾಪ್‌ಟಾಪುಗಳು ಇದಕ್ಕೆ ಅನರ್ಹ. ಅಂಥವರಿಗೆ ಇನ್ನೊಂದು ವರ್ಷದ ತೇಪೆ ಕೊಡಲು ಮೈಕ್ರೊಸಾಫ್ಟ್ ಮೂರು ದಾರಿ ಇಟ್ಟಿತು: 30 ಡಾಲರ್ ಕೊಡಿ, ಇಲ್ಲವೇ ಅದರದೇ ಬಹುಮಾನ ಯೋಜನೆಯ 1,000 ಅಂಕ ಕೊಡಿ, ಇಲ್ಲವೇ ನಿಮ್ಮ ಕಂಪ್ಯೂಟರಿನ ಸೆಟ್ಟಿಂಗುಗಳನ್ನು ನಮ್ಮ ಕ್ಲೌಡ್‌ಗೆ ಹತ್ತಿಸಿ. ಮೂರಕ್ಕೂ ಕಂಪನಿಯ ಖಾತೆ ಕಡ್ಡಾಯ. ಯುರೋಪಿನ ಗ್ರಾಹಕ ಸಂಘಟನೆಗಳು ತಕರಾರೆತ್ತಿದ ಮೇಲೆ ಅಲ್ಲಿನವರಿಗೆ ಕ್ಲೌಡ್ ಷರತ್ತನ್ನು ಕೈಬಿಟ್ಟು ಉಚಿತವಾಗಿ ಕೊಟ್ಟರು, ಖಾತೆಯ ಷರತ್ತು ಮಾತ್ರ ಉಳಿಯಿತು. ಅದೇ ತೇಪೆ, ಅದೇ ಬಿರುಕು. ಊರು ಬೇರೆಯಾದರೆ ದರ ಬೇರೆ. ಹಣದ ಬದಲು ಮಾಹಿತಿ ಕೊಟ್ಟರೂ ನಡೆಯುತ್ತದೆ ಎಂದು ಕಂಪನಿಯೇ ದರಪಟ್ಟಿ ಹಾಕಿದಂತಾಯಿತು.

ಸರ್ಕಾರವೂ ಈ ಬಾಗಿಲಿನಿಂದಲೇ ಒಳಬರಲು ನೋಡಿತು. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಹೊರಡಿಸಿದ ನಿರ್ದೇಶನದ ಪ್ರಕಾರ, ‘ಸಂಚಾರ್ ಸಾಥಿ’ ಆಪ್ ಹೊಸ ಫೋನುಗಳಲ್ಲಿ ಮೊದಲೇ ಇರಬೇಕಿತ್ತು. ಆಗಲೇ ತಯಾರಾಗಿ ಅಂಗಡಿ ಸೇರಿದ್ದ ಫೋನುಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ತಲುಪಿಸಬೇಕಿತ್ತು. ಕಳೆದುಹೋದ ಫೋನನ್ನು ಬ್ಲಾಕ್ ಮಾಡಿಸಲು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ನೋಡಲು ಅದು ನಿಜಕ್ಕೂ ಉಪಯುಕ್ತ, ನಾನೇ ಬಳಸಿದ್ದೇನೆ. ಜನ ಸಿಟ್ಟಾಗಿದ್ದು ಆಪ್‌ನ ಮೇಲಲ್ಲ, ‘ಬೇಡ’ ಎನ್ನಲು ಜಾಗವಿರಲಿಲ್ಲ ಎಂಬುದಕ್ಕೆ. ವಿಷಯ ಬಹಿರಂಗವಾದ ಎರಡೇ ದಿನದಲ್ಲಿ, ಡಿಸೆಂಬರ್ 3ರಂದು, ಇಲಾಖೆ ಕಡ್ಡಾಯವನ್ನು ಹಿಂಪಡೆಯಿತು. ಎಷ್ಟು ಕೂಗಿದರೆ ‘ಬೇಡ’ ಎಂಬ ಗುಂಡಿ ಹುಟ್ಟುತ್ತದೆ ಎಂಬುದಕ್ಕೆ ಅದೊಂದು ಅಳತೆ.

ಈ ಗುಂಡಿಗೆ ಸಂವಿಧಾನದ ಬುನಾದಿ ಹಾಕಿಸಿದ ಅರ್ಜಿ ಕರ್ನಾಟಕದವರದೇ ಎಂಬುದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದರ ಬೆನ್ನಿಗೆ ನಿಧಾನವಾಗಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು.

ಈ ಕಾಯ್ದೆಯಲ್ಲಿ ಸರ್ಕಾರಕ್ಕೆ ಕೊಟ್ಟ ವಿನಾಯಿತಿಗಳು ಧಾರಾಳ, ಅದು ಬೇರೆಯೇ ಲೇಖನದ ವಸ್ತು. ಆದರೆ ಒಪ್ಪಿಗೆಯ ಕುರಿತ ಭಾಗದಲ್ಲಿ ಒಂದು ಚಿಕ್ಕ ಉದಾಹರಣೆ ಇದೆ, ನನಗೆ ಬಲು ಇಷ್ಟ. ಒಬ್ಬಾಕೆ ದೂರವೈದ್ಯ ಸೇವೆಯ ಆಪ್ ಹಾಕಿಕೊಳ್ಳುತ್ತಾಳೆ. ಅದು ಚಿಕಿತ್ಸೆಗೆ ಬೇಕಾದ ವಿವರವನ್ನೂ ಕೇಳುತ್ತದೆ, ಫೋನಿನಲ್ಲಿರುವ ನಂಟರಿಷ್ಟರ ನಂಬರುಗಳನ್ನೂ ಕೇಳುತ್ತದೆ. ಆಕೆ ಎರಡಕ್ಕೂ ‘ಅಲೋ’ ಒತ್ತುತ್ತಾಳೆ. ಕಾಯ್ದೆ ಹೇಳುವುದೇನೆಂದರೆ, ಚಿಕಿತ್ಸೆಗೆ ನಂಬರುಗಳ ಪಟ್ಟಿ ಬೇಕಿಲ್ಲವಾದ್ದರಿಂದ ಆಕೆಯ ಒಪ್ಪಿಗೆ ಚಿಕಿತ್ಸೆಗಷ್ಟೇ ಸೀಮಿತ. ಗುಂಡಿ ಒತ್ತಿದ ಮಾತ್ರಕ್ಕೆ ಒಪ್ಪಿದಂತಲ್ಲ. ಇದೇ ತರ್ಕವನ್ನು ಅಪ್‌ಡೇಟಿಗೆ ವಿಸ್ತರಿಸಿ: ಬೀಗ ಭದ್ರವಾಗಲು ಬೇಕಾದ್ದು ಒಂದು ಗುಂಡಿ, ಉಳಿದೆಲ್ಲಕ್ಕೂ ಇನ್ನೊಂದು. ಎರಡನೆಯದರಲ್ಲಿ ‘ಬೇಡ’ ಇರಲಿ, ಒತ್ತಿದರೆ ನಾಳೆ ಬೆಳಿಗ್ಗೆ ಮತ್ತೆ ಕೇಳದಿರಲಿ. ಹೀಗೆ ಪೀಡಿಸಿ ಒಪ್ಪಿಸುವುದು, ಬೇಡದ್ದನ್ನು ಬಲವಂತದಿಂದ ಮಾಡಿಸುವುದು ಎರಡನ್ನೂ 2023ರ ನವೆಂಬರ್‌ನ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯಲ್ಲಿರುವ, ಬಳಕೆದಾರರನ್ನು ದಾರಿ ತಪ್ಪಿಸುವ ಹದಿಮೂರು ತಂತ್ರಗಳ ಪಟ್ಟಿಯಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈಗಾಗಲೇ ಹೆಸರಿಸಿದೆ. ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಫೋನಿನ ಪರದೆಯವರೆಗೆ ಒಯ್ಯಬೇಕು.

ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಇನ್ನೊಂದು ಅಂಶವಿದೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕಾಗಲಿದೆ. ಯಂತ್ರಾನುವಾದದ ‘ಕುಕೀಗಳನ್ನು ಸ್ವೀಕರಿಸಿ’ ಮಾದರಿಯ ಕನ್ನಡ ಬಂದರೆ, ಬಿಸ್ಕತ್ತು ಹಂಚುತ್ತಿದ್ದಾರೇನೋ ಎಂದು ನಮ್ಮ ಅತ್ತೆ ಕೇಳಿಯಾರು. ‘ನಿಮ್ಮ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನಾವು ನಕಲು ಮಾಡಿಕೊಳ್ಳುತ್ತೇವೆ, ಆಗಬಹುದೇ?’ ಎಂದು ಬರೆಯಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಹಾಗೆ ಬರೆದರೆ ಯಾರೂ ‘ಅಲೋ’ ಒತ್ತುವುದಿಲ್ಲ ಎಂಬ ಭಯವೊಂದೇ ಅಡ್ಡಿ.

ಉಳಿದದ್ದು ತಾರೀಖಿನ ಪ್ರಶ್ನೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್‌ನೆಟ್‌ಗೆ ಸೇರುವ ಗೃಹೋಪಯೋಗಿ ಸಾಧನಗಳಿಗೆ ಕನಿಷ್ಠ ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಸಿಗುತ್ತದೆಂದು ತಯಾರಕರು ಪ್ರಕಟಿಸಲೇಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಬಂದ ನಿಯಮ ಇನ್ನೂ ಬಿಗಿ: ಫೋನಿನ ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು. ನಮ್ಮಲ್ಲಿ ಕೆಲವು ದುಬಾರಿ ಫೋನುಗಳು ಏಳು ವರ್ಷದ ಭರವಸೆ ಹೊತ್ತು ಬರುತ್ತವೆ. ಅಗ್ಗದ ಫೋನು ಕೊಳ್ಳುವವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಸ್ಪಷ್ಟವಾಗಿ ಹೇಳುವವರು ಕಡಿಮೆ.

ಗಾಜು ಅಂಟಿಸಿ ಮುಗಿಸಿದ ಹುಡುಗನನ್ನು ಕೇಳಿದೆ: ಈ ಶೋಕೇಸಿನಲ್ಲಿರೋ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಯಾವಾಗಿನವರೆಗೆ ಬರುತ್ತೆ? ಅವನು ಡಬ್ಬಿ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದ. ಎಂಆರ್‌ಪಿ ಇತ್ತು, ತಯಾರಾದ ತಿಂಗಳಿತ್ತು, ಐಎಂಇಐ ನಂಬರಿತ್ತು, ದೂರು ಹೇಳಲು ಒಂದು ಫೋನ್ ನಂಬರೂ ಇತ್ತು. ‘ಅದೆಲ್ಲಾ ಹಾಕಿರಲ್ಲ ಸಾರ್’ ಎಂದು ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟ.