ಎಲ್ಲರಿಗೂ ಒಂದೇ ಗುಪ್ತಪದ ಸಲ್ಲದು

ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ನೂರಾರು ವಿದ್ಯಾರ್ಥಿಗಳ ಗುಪ್ತಪದಗಳನ್ನು ಒಂದೊಂದಾಗಿ ಬದಲಿಸುವುದು ದಿನಗಟ್ಟಲೆಯ ಕೆಲಸ. ಲಿನಕ್ಸ್‌ನ ‘ಸಿಎಚ್‌ಪಾಸ್‌ಡಬ್ಲ್ಯೂಡಿ’ ಆದೇಶಕ್ಕೆ ಹೆಸರು-ಗುಪ್ತಪದಗಳ ಪಟ್ಟಿಯನ್ನು ಒಪ್ಪಿಸಿದರೆ ಅದು ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಸೌಲಭ್ಯವು ವಿವೇಕಕ್ಕೆ ಬದಲಿಯಾಗದು. ಎಲ್ಲರಿಗೂ ಒಂದೇ ಗುಪ್ತಪದವನ್ನೋ ನೋಂದಣಿ ಸಂಖ್ಯೆಯನ್ನೋ ಕೊಡುವುದು ಊರಿನ ಮನೆಗಳಿಗೆಲ್ಲ ಒಂದೇ ಬೀಗದಕೈ ಹಂಚಿದಂತೆ. ಗೋವೆಯ ವಾಸ್ಕೋ, ಜುವಾರಿನಗರಗಳ ಕನ್ನಡ ಮನೆಗಳಿಂದ ಬರುವ, ಸ್ವಂತ ಗಣಕವಿಲ್ಲದ ವಿದ್ಯಾರ್ಥಿಯ ಪ್ರಬಂಧ, ಕವಿತೆ, ಟಿಪ್ಪಣಿಗಳೆಲ್ಲ ಇರುವುದು ಆ ಖಾತೆಯಲ್ಲಿಯೇ.

ಆದುದರಿಂದ ಸ್ಕ್ರಿಪ್ಟ್ ಪ್ರತಿಯೊಬ್ಬರಿಗೂ ಬೇರೆಬೇರೆ ಗುಪ್ತಪದವನ್ನು ರಚಿಸಬೇಕು. ‘ಚೇಜ್’ ಆದೇಶದಲ್ಲಿ ಕೊನೆಯ ಬದಲಾವಣೆಯ ದಿನವನ್ನು 0 ಎಂದಿಟ್ಟರೆ, ಮೊದಲ ಪ್ರವೇಶದಲ್ಲಿಯೇ ವಿದ್ಯಾರ್ಥಿ ಹೊಸದನ್ನು ತಾನೇ ಆರಿಸಿಕೊಳ್ಳಬೇಕಾಗುತ್ತದೆ. ಹಂಚಿಕೆ ಮುಗಿದೊಡನೆ ಪಟ್ಟಿಯನ್ನು ಅಳಿಸಬೇಕು. ಇಷ್ಟು ಶ್ರಮಕ್ಕೆ ಬೇಸರಿಸುವುದು ವಿದ್ಯಾರ್ಥಿಯ ಬರಹಕ್ಕೆ ತೋರುವ ಅನಾದರವೇ ಸರಿ.