ಸೈಟು: ಈಗಲೋ, ಆಮೇಲೋ?

ಬಾಡಿಗೆ ಮನೆಯವರ ಮುಂದೆ ಬ್ರೋಕರುಗಳದ್ದು ಒಂದೇ ರಾಗ: "ಈಗ ಬಿಟ್ರೆ ಮತ್ತೆ ಸಿಗಲ್ಲ ಸಾರ್!" ಕಾದರೆ ನಷ್ಟವೆಂಬುದು ಪೂರಾ ಸುಳ್ಳೂ ಅಲ್ಲ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೇರಿತು. 30 ಲಕ್ಷದ ಸೈಟಿಗೆ 30 ಸಾವಿರವಿದ್ದದ್ದು 60 ಸಾವಿರವಾಯಿತು.

ಆದರೆ ಆತುರಕ್ಕೆ ಬಿದ್ದು, ಭೂಪರಿವರ್ತನೆಯಾಗದ ರೆವಿನ್ಯೂ ಸೈಟು ಕೊಂಡವನ ಗತಿ? ಬ್ಯಾಂಕು ಸಾಲಕ್ಕೆ ಹಿಂಜರಿಯುತ್ತೆ, ಮನೆ ಕಟ್ಟಲು ಲೈಸೆನ್ಸಿಗೆ ಅಲೆದಾಟ. 30 ಸಾವಿರ ಹೋದರೆ ದುಡಿದುಕೊಳ್ಳಬಹುದು. 30 ಲಕ್ಷ ಸಿಕ್ಕಿಬಿದ್ದರೆ?

ಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, 'ಎ' ಖಾತೆ, ಋಣಭಾರ ಪತ್ರ, ನಾಲ್ಕನ್ನೂ ಕಣ್ಣಾರೆ ಕಂಡ ದಿನವೇ ಮುಹೂರ್ತ. ಅಲ್ಲೀತನಕ ಅಡ್ವಾನ್ಸೂ ಬೇಡ. ಮಂಜೂರಾದ ಬಡಾವಣೆಗಳ ಪಟ್ಟಿಯನ್ನು ನಗರಸಭೆಗಳು ಬಾಗಿಲಲ್ಲೇ ತೂಗುಹಾಕಲಿ. ಬ್ರೋಕರನ ರಾಗಕ್ಕೆ ಅದೇ ಉತ್ತರ.